ನಾಣ್ಯದ ಬೀರುವಿನ ಕಾಲ ತಿಳಿಯಲು ಕೊನೆಯ ತಟ್ಟೆಯನ್ನೂ ಹೊರತೆಗೆಯಬೇಕು

ಇಂಗ್ಲೆಂಡಿನಲ್ಲಿ ಹಳೆಯ ಮರದ ಪೀಠೋಪಕರಣಗಳನ್ನು ದುರಸ್ತಿ ಮಾಡುವ ಕಾರ್ಯಾಗಾರವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಸೇರಿದ ಎರಡನೆಯ ವರ್ಷ, ಹರಾಜಿಗೆ ಹೋಗಬೇಕಿದ್ದ ನಾಣ್ಯದ ಬೀರುವೊಂದರ ಕಾಲವನ್ನು ಗುರುತಿಸಿ ವರದಿ ಬರೆಯುವ ಹೊಣೆ ಮೊದಲ ಬಾರಿಗೆ ನನಗೆ ಬಂತು. ಸೊಂಟದೆತ್ತರಕ್ಕಿಂತ ಕಡಿಮೆಯಿದ್ದ ಮಹಾಗನಿ ಬೀರು ಅದು. ಎರಡು ಬಾಗಿಲು ತೆರೆದರೆ ಒಂದರ ಕೆಳಗೊಂದರಂತೆ ಹದಿನಾರು ತೆಳು ತಟ್ಟೆಗಳು, ಪ್ರತಿ ತಟ್ಟೆಯಲ್ಲಿಯೂ ನಮ್ಮ ಅಳಗುಳಿ ಮಣೆಯನ್ನು ನೆನಪಿಸುವ ಸಾಲುಸಾಲು ದುಂಡನೆಯ ಗುಳಿಗಳು, ಗುಳಿಯ ತಳದಲ್ಲಿ ಹಸಿರು ಉಣ್ಣೆಬಟ್ಟೆ. ಬೀಗದ ಮೇಲೆ ಬ್ರಾಮಾ ಎಂಬ ಹೆಸರೂ ಲಂಡನ್ನಿನ 124, ಪಿಕಡಿಲಿ ಎಂಬ ವಿಳಾಸವೂ ಇದ್ದವು. ಬೀಗವನ್ನೂ ಮೇಲಿನ ಎರಡು ತಟ್ಟೆಗಳನ್ನೂ ನೋಡಿ, ‘ಸುಮಾರು 1790ರದು, ಎಲ್ಲ ಭಾಗಗಳೂ ಮೂಲದವು’ ಎಂದು ಬರೆದುಬಿಟ್ಟೆ. ಎರಡು ಮಾತುಗಳೂ ತಪ್ಪಾಗಿದ್ದವು.

ಬ್ರಾಮಾ ಬೀಗಕ್ಕೆ ಪೇಟೆಂಟ್ ಸಿಕ್ಕಿದ್ದು 1784ರಲ್ಲಿ ಎಂಬುದು ನನಗೆ ಗೊತ್ತಿತ್ತು; ಅದೇ ವಿಳಾಸವನ್ನು ಹೊತ್ತ ಬೀಗಗಳು ಮುಂದೆ ಹಲವು ದಶಕಗಳ ಕಾಲ ತಯಾರಾದವು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೀಗವು ತಾನು ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಹೇಳುತ್ತದೆ, ಮೇಲಾಗಿ ಬೀಗವನ್ನು ಬದಲಿಸುವುದು ಸುಲಭ. ನನ್ನ ವರದಿಯನ್ನು ಓದಿದ ಹಿರಿಯ ಸಹೋದ್ಯೋಗಿ ಕೇಳಿದ್ದು ಒಂದೇ ಪ್ರಶ್ನೆ: ‘ಹದಿನಾರನೆಯ ತಟ್ಟೆಯ ಅಡಿಭಾಗವನ್ನು ನೋಡಿದಿರಾ?’ ನೋಡಿರಲಿಲ್ಲ.

ಎಲ್ಲವನ್ನೂ ಹೊರತೆಗೆದು ಮೇಜಿನ ಮೇಲೆ ಕ್ರಮವಾಗಿ ಹರಡಿದೆ. ಬೀರುವಿನ ಬೆನ್ನಹಲಗೆಯ ಒಳಮೈಯಲ್ಲಿ ಗರಗಸದ ಗೀರುಗಳು ನೇರವಾಗಿದ್ದವು, ಚಕ್ರಗರಗಸ ಬಿಡುವ ಕಮಾನಿನಂಥ ಗೀರುಗಳು ಅಲ್ಲಿರಲಿಲ್ಲ. ಕೀಲಿನ ಒಂದು ಸ್ಕ್ರೂ ಬಿಚ್ಚಿದಾಗ ಅದರ ತುದಿ ಮೊಂಡಾಗಿತ್ತು, ತಲೆಯ ಮೇಲಿನ ಸೀಳು ನಡುವಿನಿಂದ ಸ್ವಲ್ಪ ಸರಿದಿತ್ತು. ಯಂತ್ರದಲ್ಲಿ ತಯಾರಾದ ಚೂಪುತುದಿಯ ಸ್ಕ್ರೂಗಳು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1850ರ ದಶಕದಲ್ಲಿ. ಆದ್ದರಿಂದ ಬೀರು ಅದಕ್ಕಿಂತ ತುಂಬ ಈಚಿನದಾಗಿರಲಾರದು.

ನನಗೆ ಅತ್ಯಂತ ಹೆಚ್ಚು ಕಲಿಸಿದ್ದು ಗುಳಿಗಳು. ಮರವು ಒಣಗುತ್ತ ಹೋದಂತೆ ಎಳೆಯ ಉದ್ದಕ್ಕೆ ಬಹುಮಟ್ಟಿಗೆ ಕುಗ್ಗುವುದಿಲ್ಲ, ಎಳೆಗೆ ಅಡ್ಡವಾಗಿ ಕುಗ್ಗುತ್ತದೆ. ಹೀಗಾಗಿ ಬೈರಿಗೆಯಿಂದ ದುಂಡಗೆ ಕೊರೆದ ರಂಧ್ರವು ಕಾಲಾಂತರದಲ್ಲಿ ಕಣ್ಣಿಗೆ ಕಾಣದಷ್ಟು ಅಂಡಾಕಾರಕ್ಕೆ ತಿರುಗಿರುತ್ತದೆ. ಮೇಲಿನ ಹನ್ನೆರಡು ತಟ್ಟೆಗಳ ದೊಡ್ಡ ಗುಳಿಗಳನ್ನು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದಾಗ ಎಳೆಯುದ್ದಕ್ಕೆ 38.6 ಮಿ.ಮೀ., ಅಡ್ಡಕ್ಕೆ 38.1 ಮಿ.ಮೀ. ಬಂತು. ಕೆಳಗಿನ ನಾಲ್ಕು ತಟ್ಟೆಗಳಲ್ಲಿ ಎರಡೂ ಅಳತೆಗಳು ಒಂದೇ ಆಗಿದ್ದವು. ಅವುಗಳನ್ನು ಮಗುಚಿದರೆ, ಕಂದು ಬಣ್ಣ ಬಳಿದ ಪ್ಲೈವುಡ್ಡಿನ ತಳ! ಇಪ್ಪತ್ತನೆಯ ಶತಮಾನದಲ್ಲಿ ಯಾರೋ ಸೇರಿಸಿದ ತಟ್ಟೆಗಳು ಅವು, ಅವುಗಳಲ್ಲಿ ಗುಳಿ ಕೊರೆದ ಮೇಲಿನ ಹಲಗೆಯೂ ಮಹಾಗನಿಯಾಗಿರದೆ ಬಣ್ಣ ಕೊಟ್ಟ ಓಕ್ ಆಗಿತ್ತು.

ಇದು ಕೇವಲ ಬೆಲೆಯ ವಿಷಯವಲ್ಲ. ನಾಣ್ಯದ ಬೀರುಗಳಿಗೆ ಮಹಾಗನಿ ಒಗ್ಗಿದ್ದಕ್ಕೂ ಓಕ್ ಒಗ್ಗದ್ದಕ್ಕೂ ಗಟ್ಟಿ ಕಾರಣವಿದೆ: ಓಕ್ ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿಯು ಮುಚ್ಚಿದ ಖಾನೆಯಲ್ಲಿ ಸೇರಿಕೊಂಡು ಸೀಸವನ್ನು ತಿನ್ನುತ್ತದೆ. ಹದಿನಾಲ್ಕನೆಯ ತಟ್ಟೆಯ ಒಂದು ಗುಳಿಯಲ್ಲಿ ಅಕ್ಕಿಹಿಟ್ಟಿನಂಥ ಬಿಳಿ ಹುಡಿ ಉಂಗುರದಾಕಾರದಲ್ಲಿ ಉಳಿದಿತ್ತು. ಅಲ್ಲಿದ್ದ ಸೀಸದ ಪದಕದ ಮುಖವನ್ನು ಮಾಲೀಕರು ತೋರಿಸಿದರು. ಅಕ್ಷರಗಳು ಅರ್ಧಕ್ಕರ್ಧ ಅಳಿಸಿಹೋಗಿದ್ದವು. ಹೋದ ಅಕ್ಷರವನ್ನು ಯಾವ ದುರಸ್ತಿಯೂ ಮರಳಿ ತರಲಾರದು ಎಂಬ ನೋವು ಇಂದಿಗೂ ನನ್ನಲ್ಲಿದೆ.

ಕಾಲವನ್ನು ಖಚಿತಪಡಿಸಿದ್ದು ಏಳನೆಯ ತಟ್ಟೆ. ಈ ತಟ್ಟೆಗಳನ್ನು ಮಾಡುವ ಕ್ರಮವೆಂದರೆ, ರಂಧ್ರ ಕೊರೆದ ಹಲಗೆಯೊಂದನ್ನು ತೆಳುವಾದ ತಳಹಲಗೆಯ ಮೇಲೆ ಅಂಟಿಸುವುದು. ಏಳನೆಯದರ ಅಂಟು ಒಣಗಿ ಒಂದು ಮೂಲೆ ಬಿಟ್ಟುಕೊಂಡಿತ್ತು. ಎರಡು ಹಲಗೆಗಳ ನಡುವೆ, ತಯಾರಿಸುವಾಗಲೇ ಹಾಸಿದ್ದ ಬರೆಯುವ ಕಾಗದವೊಂದು ಕಾಣಿಸಿತು. 1794ರ ಕಾಯ್ದೆಯ ನಂತರ ಇಂಗ್ಲೆಂಡಿನ ಕಾಗದದ ವಾಟರ್‌ಮಾರ್ಕಿನಲ್ಲಿ ಇಸವಿ ಸೇರಿಸುವುದು ರೂಢಿಗೆ ಬಂದಿತ್ತು. ಸಡಿಲವಾಗಿದ್ದ ಅಂಚನ್ನು ಚಿಮುಟದಿಂದ ಎತ್ತಿ ಹಿಂದಿನಿಂದ ದೀಪ ಹಿಡಿದಾಗ 1826 ಎಂಬ ಅಂಕಿ ಮೂಡಿತು. ಬೀಗ, ಸ್ಕ್ರೂ, ಕಾಗದ ಮೂರನ್ನೂ ಒಟ್ಟಿಗಿಟ್ಟಾಗ, ನಾನು ಬರೆದ ಕಾಲಕ್ಕೂ ನಿಜವಾದ ಕಾಲಕ್ಕೂ ಮೂರೂವರೆ ದಶಕಕ್ಕಿಂತ ಹೆಚ್ಚಿನ ಅಂತರವಿತ್ತು.

ಇನ್ನೊಂದನ್ನು ಇಲ್ಲಿ ಹೇಳಲೇಬೇಕು. ಗುಳಿಯ ಅಳತೆಯು ಸಂಗ್ರಾಹಕನ ಆಸಕ್ತಿಯನ್ನು ತೋರಿಸುತ್ತದೆ. 1797ರ ದಪ್ಪನೆಯ ತಾಮ್ರದ ಪೆನ್ನಿ ನಾಣ್ಯಕ್ಕೆ 36 ಮಿ.ಮೀ. ಅಗಲದ ಜಾಗ ಬೇಕು. ಹನ್ನೊಂದನೆಯ ತಟ್ಟೆಯಲ್ಲಿದ್ದ ಗುಳಿಗಳೋ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕವು. ಅವು ಮುದ್ರೆಯುಂಗುರದ ಹರಳುಗಳಿಗಿರಬೇಕೆಂದು ಎಲ್ಲರೂ ಊಹಿಸಿದ್ದರು. ನನಗೆ ಮಾತ್ರ ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರ ಕಾಲದ ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯ ನೆನಪಾಯಿತು. ಬಟ್ಟೆಯ ಮೇಲಿದ್ದ ದುಂಡು ಚೀಟಿಯೊಂದನ್ನು ತಿರುಗಿಸಿದಾಗ ಕಂದಿದ ಶಾಯಿಯಲ್ಲಿ ‘ಮೈಸೂರು’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್‌ರಂತೆ ದಕ್ಷಿಣ ಭಾರತದ ನಾಣ್ಯಗಳನ್ನು ಕೂಡಿಸಿದ ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿದ್ದರು.

ಹೊಸ ವರದಿಯಲ್ಲಿ ಹೀಗೆ ಬರೆದೆ: ಬೀರು ಮತ್ತು ಮೇಲಿನ ಹನ್ನೆರಡು ತಟ್ಟೆಗಳು 1826ರಿಂದ 1850ರ ದಶಕದ ನಡುವಿನವು, ಕೆಳಗಿನ ನಾಲ್ಕು ಇಪ್ಪತ್ತನೆಯ ಶತಮಾನದವು, ಅವುಗಳಲ್ಲಿ ಸೀಸದ ವಸ್ತುಗಳನ್ನು ಇಡಬಾರದು, ಹನ್ನೊಂದನೆಯ ತಟ್ಟೆಯನ್ನು ಮೈಸೂರಿನ ಚಿನ್ನದ ಹಣಗಳಿಗೆ ಬಳಸಿರುವಂತಿದೆ, ಅದರಲ್ಲಿರುವ ಚೀಟಿಯನ್ನು ಬೇರ್ಪಡಿಸಬಾರದು.