ರೋಗ ತಟ್ಟದ ಒಂದು ಕೊಂಬೆ

ಹೊಸ ಗುಣದ ತಳಿ ಸಿಗಲೆಂದು ಗಾಮಾ ಕಿರಣಕ್ಕೆ ಒಡ್ಡಿದ ಕಿತ್ತಳೆಯ ಕಣ್ಣುಗಳನ್ನು (ಚಿಗುರುವ ಮೊಗ್ಗುಗಳನ್ನು) ಕಸಿ ಕಟ್ಟಿ ಇಂದಿಗೆ 40 ದಿನ. ಅರ್ಧಕ್ಕರ್ಧ ಕಪ್ಪಾಗಿ ಉದುರಿವೆ. ಉಳಿದವುಗಳಲ್ಲಿ ಒಂದರ ಎಲೆ ನಡುನರದ ಒಂದು ಬದಿ ಹಸಿರು, ಇನ್ನೊಂದು ಬದಿ ತಿಳಿಹಳದಿ. ಕೆಲವು ಜೀವಕೋಶಗಳಷ್ಟೇ ಬದಲಾಗಿವೆ. ಹಾಗಾಗಿ ಪೂರ್ತಿ ಬದಲಾದ ಚಿಗುರು ಸಿಗಲು, ಈ ಚಿಗುರಿನ ಕಣ್ಣು ತೆಗೆದು ಮೂರ್ನಾಲ್ಕು ಸುತ್ತು ಮತ್ತೆ ಕಸಿ ಕಟ್ಟಬೇಕು. ಇಳುವರಿಯ ಮಾತು ಆಮೇಲೆ.

ಬೇಸರವಾದಾಗ ಜಪಾನಿನ ನಿಜಿಸ್ಸೇಕಿ ಪೇರ್ ಹಣ್ಣನ್ನು ನೆನೆಯುತ್ತೇನೆ. ಕಪ್ಪುಚುಕ್ಕೆ ರೋಗ ಅದರ ಫಸಲನ್ನು ಹಾಳುಮಾಡುತ್ತಿತ್ತು. 1962ರಲ್ಲಿ ಗಿಡಗಳಿಗೆ ಗಾಮಾ ಕಿರಣ ಹಾಯಿಸುತ್ತಿದ್ದ ತೋಟದಲ್ಲಿ ನೆಟ್ಟ ಮರವೊಂದರಲ್ಲಿ, 1981ರಲ್ಲಿ, ರೋಗ ತಟ್ಟದ ಒಂದೇ ಒಂದು ಕೊಂಬೆ ಕಣ್ಣಿಗೆ ಬಿತ್ತು. ಅದೇ ಮುಂದೆ ಗೋಲ್ಡ್ ನಿಜಿಸ್ಸೇಕಿ ತಳಿಯಾಯಿತು. ಹತ್ತೊಂಬತ್ತು ವರ್ಷ! ಆ ಕೊಂಬೆಯನ್ನು ಗುರುತಿಸಿದವರಿಗೆ ಮನಸಾರೆ ಕೈಮುಗಿಯುತ್ತೇನೆ.

ನಾಳೆ ಬೆಳಿಗ್ಗೆ ಆ ಎರಡು ಬಣ್ಣದ ಚಿಗುರಿಗೆ ಚಾಕು ಹಾಕಬೇಕು.