ಕಾವಲಿ ಒಂದೇ, ಸಾಲು ಎರಡು

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ದಕ್ಷಿಣ ಬೆಂಗಳೂರಿನ ಹಳೆಯ ಹೋಟೆಲೊಂದರಲ್ಲಿ ತಂದೆಯವರೂ ನಾನೂ ಎರಡು ಮಸಾಲೆ ದೋಸೆಗಾಗಿ 35 ನಿಮಿಷ ಕಾದೆವು. ಅರ್ಧಕ್ಕರ್ಧ ಮೇಜುಗಳು ಖಾಲಿಯಿದ್ದವು. ಆದರೆ ಗಲ್ಲಾದ ಪಕ್ಕದ ಟ್ಯಾಬ್ಲೆಟ್ ಬಿಡುವಿಲ್ಲದೆ ಸದ್ದು ಮಾಡುತ್ತಿತ್ತು. ಕಾವಲಿಯಿಂದ ಎದ್ದ ದೋಸೆಗಳು ನಮ್ಮ ಕಣ್ಣೆದುರಿನಲ್ಲೇ ಡಬ್ಬಿ ಸೇರಿ, ಬಾಗಿಲಲ್ಲಿ ನಿಂತಿದ್ದ ಡೆಲಿವರಿ ಹುಡುಗರ ಚೀಲಕ್ಕೆ ಇಳಿಯುತ್ತಿದ್ದವು. "ಆನ್‌ಲೈನ್ ಆರ್ಡರ್ ತಡ ಆದ್ರೆ ರೇಟಿಂಗ್ ಬಿದ್ದುಹೋಗುತ್ತೆ ಸಾರ್" ಎಂದು ಸಪ್ಲೈಯರ್ ಸಂಕೋಚದಿಂದ ಹೇಳಿದರು. ಎದುರಿಗೆ ಕುಳಿತವನ ತಡ ಯಾವ ಪರದೆಯ ಮೇಲೂ ದಾಖಲಾಗುವುದಿಲ್ಲ.

ನಮ್ಮ ಊರಿನ ದರ್ಶಿನಿಗಳು 1980ರ ದಶಕದಿಂದ ನಡೆದುಬಂದದ್ದು ಟೋಕನ್ನಿನ ನ್ಯಾಯದ ಮೇಲೆ: ಮೊದಲು ಹಣ ಕಟ್ಟಿದವನಿಗೆ ಮೊದಲು ತಿಂಡಿ, ಅವನು ಯಾರೇ ಆಗಿರಲಿ. 2014ರಲ್ಲಿ ಇದೇ ಬೆಂಗಳೂರಿನಲ್ಲಿ ಮನೆಗೆ ಊಟ ತಲುಪಿಸುವ ಸ್ವಿಗ್ಗಿ ಆ್ಯಪ್ ಆರಂಭವಾದ ಮೇಲೆ, ಕಣ್ಣಿಗೆ ಕಾಣದ ಎರಡನೆಯ ಸಾಲೊಂದು ಅಡುಗೆಮನೆಯೊಳಗೆ ಬಂದಿತು. ಕಾವಲಿ ಮಾತ್ರ ಹೆಚ್ಚಲಿಲ್ಲ. ದೋಸೆಯಂತೂ ಪಯಣಕ್ಕೆ ಹೇಳಿ ಮಾಡಿಸಿದ ತಿಂಡಿಯಲ್ಲ. ಮುಚ್ಚಿದ ಡಬ್ಬಿಯಲ್ಲಿ ತನ್ನದೇ ಹಬೆಗೆ ಮೆತ್ತಗಾಗುವ ದೋಸೆಗಾಗಿ, ಗರಿಗರಿಯಾಗಿ ತಿನ್ನಲೆಂದೇ ಬಂದು ಕುಳಿತವರನ್ನು ಕಾಯಿಸುವುದು ನನಗೆ ತೀರ ನೋವಿನ ಸಂಗತಿ.

ಮಾಲೀಕರ ಇಕ್ಕಟ್ಟೂ ನನಗೆ ಗೊತ್ತು. 2020ರ ಲಾಕ್‌ಡೌನಿನಲ್ಲಿ ಅವರ ಒಲೆ ಆರದಂತೆ ನೋಡಿಕೊಂಡದ್ದು ಈ ಆ್ಯಪ್‌ಗಳೇ. ತಂದೆಯವರೂ ಆಗ ಅದೇ ಹೋಟೆಲಿನ ಇಡ್ಲಿಯನ್ನು ಮನೆಗೆ ತರಿಸಿಕೊಂಡಿದ್ದರು. ಆದರೆ ಆ್ಯಪ್‌ಗೆ ಕಮಿಷನ್ ಕೊಟ್ಟ ಮೇಲೂ, ಆರ್ಡರ್ ಮಾಡಿದವರ ಫೋನ್ ನಂಬರು ಹೋಟೆಲಿಗೆ ಸಿಗುವುದಿಲ್ಲ ಎಂಬುದು ರೆಸ್ಟೋರೆಂಟ್‌ಗಳ ರಾಷ್ಟ್ರೀಯ ಸಂಘವು 2021ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಕೊಟ್ಟ ದೂರಿನ ಒಂದು ಅಂಶವಾಗಿತ್ತು. ತಂದೆಯವರಿಗೆ ಕಾಫಿಯಲ್ಲಿ ಸಕ್ಕರೆ ಕಡಿಮೆ ಇರಬೇಕೆಂಬುದು ಹೇಳದೆಯೇ ಗೊತ್ತಿರುವ ಹೋಟೆಲು, ಮುಖವೂ ಕಾಣದ ಗಿರಾಕಿಗಾಗಿ ಅವರನ್ನು ಕಾಯಿಸುತ್ತಿದೆ. ಡೆಲಿವರಿ ಹುಡುಗರನ್ನು ದೂರಿ ಫಲವಿಲ್ಲ. ಅವರಿಗೂ ಗಡಿಯಾರದ ಭಯ, ಕೂರಲು ಒಂದು ಕುರ್ಚಿಯೂ ಇಲ್ಲ.

ಪಾರ್ಸೆಲ್‌ಗೇ ಬೇರೆ ಕಾವಲಿ ಹಾಕಿಸುವಷ್ಟು ಜಾಗ ಎಲ್ಲರಿಗೂ ಇರುವುದಿಲ್ಲ. ಆದರೆ ಜನಸಂದಣಿಯ ಹೊತ್ತಿನಲ್ಲಿ ಆ್ಯಪ್ ಅನ್ನು ನಿಲ್ಲಿಸಿಡುವುದು ಮಾಲೀಕರ ಕೈಯಲ್ಲೇ ಇದೆ. ಹೊರಡುವಾಗ ತಂದೆಯವರು ಗಲ್ಲಾದ ಬಳಿ ನಿಂತು ಅದನ್ನೇ ಕೇಳಿಕೊಂಡರು: ಭಾನುವಾರ ಎಂಟರಿಂದ ಹತ್ತರವರೆಗೆ, ಎರಡೇ ಗಂಟೆ. ಮಾಲೀಕರು ಟ್ಯಾಬ್ಲೆಟ್‌ನತ್ತ ಒಮ್ಮೆ ನೋಡಿ, ಮುಂದಿನ ವಾರ ಹಾಗೆ ಮಾಡಿ ನೋಡುವುದಾಗಿ ಹೇಳಿದರು.