‘ಸೈನ್ಸ್ ಬಿಟ್ಯಂತೆ?’

ಬಿಟ್ಟಿಲ್ಲ. ಫೋನಿನಲ್ಲಿ, ವಾಟ್ಸಾಪಿನಲ್ಲಿ, ಹಾಸನದ ಮದುವೆ ಮನೆಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಆ ಪ್ರಶ್ನೆಯ ಬಾಲದಲ್ಲಿ ಒಂದು ‘ಅಂತೆ’ ಇದೆಯಲ್ಲ, ನನಗೆ ಉರಿಯುವುದೇ ಅದು. ‘ಬಿಟ್ಯಂತೆ’ ಅಂದರೆ ಊರಲ್ಲಿ ಆಗಲೇ ತೀರ್ಮಾನ ಆಗಿದೆ, ನಾನು ಸುಮ್ನೆ ಹೂಂ ಅನ್ನಬೇಕು. ಮದುವೆ ಊಟದಲ್ಲಿ ದೊಡ್ಡಮ್ಮ ಹೋಳಿಗೆಗೆ ತುಪ್ಪ ಬಿಡುತ್ತಾ ಕೇಳಿದರು, “ಪೇಪರ್‌ನೋಳಾದ್ಯಂತೆ? ಅಷ್ಟೆಲ್ಲ ಓದಿ?” ಅಕ್ಕಪಕ್ಕದ ಎಲೆಯವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ತುಪ್ಪ ಮಾತ್ರ ನಿಲ್ಲಲಿಲ್ಲ.

ಆಗಿದ್ದು ಇಷ್ಟೇ. ನಾನಿರುವ ಬ್ರಿಟನ್ನಿನಲ್ಲಿ ಬ್ರಿಟಿಷ್ ಸೈನ್ಸ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ, 1831ರಷ್ಟು ಹಳೆಯದು. ಅವರು 1987ರಲ್ಲಿ ಮೀಡಿಯಾ ಫೆಲೋಶಿಪ್ ಶುರುಮಾಡಿದರು. ಕೆಲಸದಲ್ಲಿರುವ ವಿಜ್ಞಾನಿಗಳು ಬೇಸಿಗೆಯಲ್ಲಿ ಕೆಲವು ವಾರ ಪತ್ರಿಕೆಯಲ್ಲೋ ರೇಡಿಯೊದಲ್ಲೋ ಕೂತು ವರದಿ ಬರೆಯಬೇಕು. ಸೆಪ್ಟೆಂಬರಿನಲ್ಲಿ ಅವರದೇ ವಿಜ್ಞಾನ ಉತ್ಸವ, ಅಲ್ಲಿಗೂ ಹೋಗಬೇಕು. ಅದು ಮುಗಿದರೆ ವಾಪಸ್ ಲ್ಯಾಬಿಗೆ. ಕೆಲಸ ಬಿಟ್ಟವರಿಗೆ ಇದು ಸಿಗುವುದೇ ಇಲ್ಲ ಕಣ್ರೀ! ಅರ್ಜಿಗೆ ಬಾಸ್ ಒಪ್ಪಿಗೆ ಬೇರೆ ಬೇಕು. ನಮ್ಮ ಬಾಸ್ ಕೂಡ ಸಹಿ ಹಾಕುವ ಮುಂಚೆ ಕೇಳಿದ್ದು, “ವಾಪಸ್ ಬರ್ತೀಯ ತಾನೆ?” ಅಂತಲೇ. ಆ ಊರಲ್ಲೂ ‘ಅಂತೆ’ ಇದೆ ಅನ್ನಿ.

ನನ್ನ ಕೆಲಸ ಆಲೂಗೆಡ್ಡೆಯ ಅಂಗಮಾರಿ ರೋಗದ ಮೇಲೆ. ಅರ್ಜಿಯ ಮೊದಲ ಕರಡಿನ ತುಂಬ ಜೀನುಗಳ ಹೆಸರು. ನನಗೇ ಆಕಳಿಕೆ ಬಂತು. ಅಳಿಸಿ, “1845ರಲ್ಲಿ ಐರ್ಲೆಂಡಿನ ಬೆಳೆ ಕೊಳೆಸಿದ ರೋಗ ನಮ್ಮಪ್ಪನ ಹೊಲಕ್ಕೂ ಬರುತ್ತದೆ” ಅಂತ ಶುರುಮಾಡಿದೆ. ಸಂದರ್ಶನದಲ್ಲಿ ಅಪ್ಪನ ಹೊಲದ ಬಗ್ಗೆಯೇ ಜಾಸ್ತಿ ಕೇಳಿದರು. ಫೆಲೋಶಿಪ್ ಸಿಕ್ಕಿತು, ಒಂದು ಪತ್ರಿಕೆಗೆ ಕಳಿಸಿದರು.

ನಿಜ ಹೇಳಬೇಕೆಂದರೆ, ‘ಆ ಪತ್ರಿಕೆಯಲ್ಲಿ ಏನು ಎಡವಟ್ಟು ಮಾಡಿದೆ?’ ಅಂತ ಯಾರಾದರೂ ಕೇಳಬೇಕಿತ್ತು. ಅಂಗಮಾರಿ ತರುವ ಜೀವಿ ನೋಡೋಕೆ ಬೂಷ್ಟಿನ ಹಾಗಿದ್ದರೂ ಫಂಗಸ್ ಅಲ್ಲ, ಊಮೈಸೀಟ್. ಸಮುದ್ರದ ಕಂದು ಪಾಚಿಗೆ ದೂರದ ನೆಂಟ. ಎಷ್ಟೋ ಫಂಗಸ್ ಔಷಧಿಗಳು ಇದಕ್ಕೆ ನಾಟುವುದೇ ಇಲ್ಲ. ಪತ್ರಿಕೆಗಳಲ್ಲಿ ‘ಫಂಗಸ್’ ಅಂತ ಕಂಡಾಗಲೆಲ್ಲ ಸಂಪಾದಕರಿಗೆ ಕಾಗದ ಬರೆದು ಜಗಳ ತೆಗೆದವಳು ನಾನು.

ಮೂರನೇ ದಿನ ಸಂಜೆ ಅಂಗಮಾರಿಯ ಸುದ್ದಿಯೇ ಬಂತು. ನನಗೇ ಕೊಟ್ಟರು. ಪುಟ ಅಚ್ಚಿಗೆ ಹೋಗಲು ಇಪ್ಪತ್ತು ನಿಮಿಷ. ಸುದ್ದಿ ತಿದ್ದುವ ಡೆಸ್ಕಿನವನು ನನ್ನ ಹೆಗಲ ಮೇಲಿಂದ ಬಗ್ಗಿ, ‘ಊಮೈಸೀಟ್’ ಮೇಲೆ ಬೆರಳಿಟ್ಟು, “ಇದನ್ನ ಯಾರು ಓದ್ತಾರೆ?” ಅಂದ. ವಿವರಿಸಲು ಒಂದು ಸಾಲು ಬೇಕಿತ್ತು. ಜಾಗ ಇರಲಿಲ್ಲ. ಅವನೇನೂ ಒತ್ತಾಯ ಮಾಡಲಿಲ್ಲ. ಅಳಿಸಿ ‘ಫಂಗಸ್’ ಅಂತ ಹೊಡೆದದ್ದು ನನ್ನದೇ ಬೆರಳು. ಮೇಲೆ ನನ್ನದೇ ಹೆಸರು.

ಆ ಸುದ್ದಿಯ ತುಂಡು ಈಗಲೂ ನಮ್ಮ ಲ್ಯಾಬಿನ ಫ್ರಿಜ್ಜಿನ ಬಾಗಿಲ ಮೇಲಿದೆ. ಆ ಪದದ ಸುತ್ತ ಕೆಂಪು ಶಾಯಿಯ ಸುತ್ತು. ಹಾಕಿದ್ದು ಬಾಸ್.